ಸದ್ದಿಲ್ಲದ ನೆಲದ ಮೇಲೆ ಲುಂಬಿನಿ ಅತ್ತಿ

ಲುಂಬಿನಿ ನನ್ನ ಅಪ್ಪನ ತಂಗಿ. ವಯಸ್ಸು ಮೂವತ್ತನಾಲ್ಕು. ವಾಡಿಯ ಒಂದು ಖಾಸಗಿ ಶಾಲೆಯಲ್ಲಿ ಆಯಾ ಆಗಿದ್ದಾಳೆ. ಈ ಬರಹದಲ್ಲಿ ನಾನು ನೋಡಿದ್ದು ಅರ್ಧ, ಅವಳನ್ನು ಕೇಳಿ ತಿಳಿದುಕೊಂಡದ್ದು ಅರ್ಧ. ಕೇಳಿದ್ದನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ. ಒಂದೇ ಒಂದು ಕಡೆ ಅವಳ ಮಾತು ಎರಡೂ ಸಲ ಒಂದೇ ಆಗಲಿಲ್ಲ. ಅದು ಬಂದಾಗ ಹೇಳುತ್ತೇನೆ.

ಅತ್ತಿಯನ್ನು ಚಿತ್ತಾಪುರಕ್ಕೆ ಕೊಟ್ಟಿದ್ದರು. ಎರಡನೇ ವರ್ಷಕ್ಕೆ ತವರಿಗೆ ಹೊಳ್ಳಿ ಬಂದಳು. ಯಾಕೆಂದು ನಾನು ಕೇಳಿಲ್ಲ, ಅದಕ್ಕೆ ಬರೆಯುವುದಿಲ್ಲ. ಬಂದ ಮೇಲೆ ಶಾಲೆಯ ಕೆಲಸಕ್ಕೆ ಸೇರಿದಳು. ಶಾಲೆ ನಮ್ಮ ಮನೆಯ ಹಿಂದೆಯೇ ಇದೆ. ನಡುವೆ ಒಂದು ಗೋಡೆ, ಅದರಾಚೆ ಶಾಲೆಯ ಅಂಗಳ. ಅಂಗಳಕ್ಕೆಲ್ಲ ಶಹಾಬಾದಿನ ಫರ್ಸಿ ಹಾಸಿದ್ದಾರೆ. ಒಂದೊಂದು ಕಲ್ಲೂ ಮೂರಡಿ ಉದ್ದ, ಮೂರಡಿ ಅಗಲ. ಕಲ್ಲು ಕಲ್ಲಿನ ನಡುವೆ ಬೆರಳಿನಷ್ಟು ಸಂದು. ಮಳೆಗಾಲದಲ್ಲಿ ಆ ಸಂದಿನಲ್ಲಿ ಹುಲ್ಲು ಹುಟ್ಟುತ್ತದೆ, ಅತ್ತಿ ಕುಕ್ಕರುಗಾಲಲ್ಲಿ ಕೂತು ಕೀಳುತ್ತಾಳೆ. ಒಂಬತ್ತನೆಯ ತರಗತಿಯವರೆಗೆ ನಾನೂ ಆ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದೇನೆ. ಈಗ ಮಾಳಿಗೆ ಮೇಲಿಂದ ನೋಡುತ್ತೇನೆ.

ಶನಿವಾರ ಮಧ್ಯಾಹ್ನ ಕಲಬುರಗಿಯಿಂದ ಸರ್ದಾರ ಸರ್ ಬಂದು ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದರು. ಬೂಟಿನ ಅಡಿಯಲ್ಲಿ ಮುಂದೆ ಎರಡು, ಹಿಂದೆ ಎರಡು ಗಾಲಿ. ಮಕ್ಕಳಿಗೆ ಲೇಸ್ ಕಟ್ಟುವುದು ಅತ್ತಿಯ ಕೆಲಸ. ಆರು ವರ್ಷ ಕಟ್ಟಿದಳು. ಕಾಲು ಮುಂದೆ ಬಂದರೆ ಸಾಕು, ಮುಖವನ್ನೂ ನೋಡದೆ ಕಟ್ಟುತ್ತಿದ್ದಳು. ಹಿಮ್ಮಡಿಯ ಹತ್ತಿರ ಬಿಗಿ, ಬೆರಳಿನ ಹತ್ತಿರ ಸಡಿಲ. ಹೀಗೆ ಕಟ್ಟಿದರೆ ಪಾದ ನೋಯುವುದಿಲ್ಲ ಎಂದು ಅವಳೇ ಕಂಡುಕೊಂಡಿದ್ದಳು.

ಒಂದು ದಿನ ಸರ್ ತಮ್ಮ ಹಳೆಯ ಜೋಡಿಯನ್ನು ಶಾಲೆಯ ಅಲಮಾರಿಯಲ್ಲಿ ಬಿಟ್ಟುಹೋದರು. ಶಾಲೆ ಬಿಟ್ಟ ಮೇಲೆ ಕಸ ಗುಡಿಸಿ, ಗೇಟು ಹಾಕಿ, ಅತ್ತಿ ಅದನ್ನು ಹಾಕಿಕೊಂಡಳು. ಎರಡು ಬೆರಳು ದೊಡ್ಡದಾಯಿತು. ಮುಂದೆ ಹತ್ತಿ ತುಂಬಿದಳು. ಮೊದಲ ತಿಂಗಳು ಗೋಡೆ ಬಿಟ್ಟು ಬರಲಿಲ್ಲ. ವರ್ಷ ತುಂಬುವುದರೊಳಗೆ ಒಂದೇ ಕಾಲಿನ ಮೇಲೆ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು.

ನಮ್ಮ ಅಜ್ಜಿ ಅನಸುಬಾಯಿಗೆ ಇದು ಸೇರುತ್ತಿರಲಿಲ್ಲ. "ಬಂಡಿಗಿ ಗಾಲಿ ಇರ್ತಾವ, ಹೆಣ್ಮಗಳಿಗಿ ಯಾಕ? ಎಲ್ಲಿಗಿ ಹೊಂಟೀದಿ ಅಂತೀನಿ?" ಎನ್ನುತ್ತಿದ್ದಳು.

"ಎಲ್ಲಿಗೂ ಇಲ್ಲಬೇ. ಅಲ್ಲೇ ತಿರುಗಿ ಅಲ್ಲಿಗೇ ಬರ್ತೀನಿ," ಎನ್ನುತ್ತಿದ್ದಳು ಅತ್ತಿ.

ಅದು ನಿಜವೇ. ಅವಳು ಮಾಡುತ್ತಿದ್ದುದು ವೃತ್ತ. ಸರ್ದಾರ ಸರ್ ಒಮ್ಮೆ ಹೊತ್ತಿಗೆ ಮುಂಚೆ ಬಂದು ಅವಳನ್ನು ನೋಡಿಬಿಟ್ಟರು. ಬೈಯಲಿಲ್ಲ. ಸಂದಿಗೆ ಮೊಳೆ ಚುಚ್ಚಿ, ಹಗ್ಗ ಕಟ್ಟಿ, ಸೀಮೆಸುಣ್ಣದಿಂದ ಒಂದಕ್ಕೊಂದು ತಾಗಿದ ಎರಡು ವೃತ್ತ ಬರೆದುಕೊಟ್ಟರು. ಬಲಗಾಲಿನ ಮೇಲೆ ಬಲಗಡೆಯ ವೃತ್ತ ಮುಗಿಸಬೇಕು. ಎರಡೂ ಸೇರುವ ನಡುವಿಗೆ ಬಂದು ಕಾಲು ಬದಲಿಸಬೇಕು. ಎಡಗಾಲಿನ ಮೇಲೆ ಎಡಗಡೆಯ ವೃತ್ತ ಮುಗಿಸಬೇಕು. ಎತ್ತಿದ ಕಾಲು ನೆಲಕ್ಕೆ ತಾಗಬಾರದು, ಗಾಲಿ ಗೆರೆ ಬಿಡಬಾರದು. ಇದಕ್ಕೆ ಒಂದು ಪರೀಕ್ಷೆಯೇ ಇದೆ ಎಂದು ಅವತ್ತು ಅವಳಿಗೆ ಗೊತ್ತಾಯಿತು. ವೃತ್ತ ಆರು ಮೀಟರ್ ಅಗಲ ಇರಬೇಕಿತ್ತು. ಗೋಡೆಗುಂಟ ಹೂಕುಂಡಗಳಿದ್ದವು, ಅವನ್ನು ಸರಿಸಲು ಅಪ್ಪಣೆ ಇರಲಿಲ್ಲ. ಹಾಗಾಗಿ ಐದು ಮೀಟರಿಗೇ ನಿಂತಿತು.

ನಾನು ಅವಳನ್ನು ನೋಡುವುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು. ಗಾಲಿ ಸಂದು ದಾಟಿದಾಗ ಟಕ್ ಎನ್ನುತ್ತಿತ್ತು. ಒಂದು ವೃತ್ತಕ್ಕೆ ಇಪ್ಪತ್ತೆರಡು ಟಕ್. ಕೆಲವು ಕಡೆ ಎರಡು ಸಂದು ಹತ್ತಿರ ಬಂದು ಟಕಟಕ್ ಆಗುತ್ತಿತ್ತು. ಸಂಜೆ ಐದಕ್ಕೆ ಅನ್ನಕ್ಕೆ ಅಕ್ಕಿ ಆರಿಸುತ್ತ ಕೂತಿರುವಾಗ ನಾನೂ ಎಣಿಸುತ್ತಿದ್ದೆ. ಇಪ್ಪತ್ತೆರಡಾದ ಕೂಡಲೆ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಅದು ಕಾಲು ಬದಲಿಸುವ ಹೊತ್ತು. ಅವಳೂ ಅದನ್ನೇ ಎಣಿಸುತ್ತಿದ್ದಾಳೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಕಳೆದ ಫೆಬ್ರುವರಿಯಲ್ಲಿ ಸರ್ದಾರ ಸರ್ ಹೈದರಾಬಾದಿಗೆ ಹೋದರು, ಅಲ್ಲಿ ಅವರಿಗೆ ಕಾಯಂ ಕೆಲಸ ಸಿಕ್ಕಿತ್ತು. ಶನಿವಾರದ ತರಗತಿ ನಿಂತಿತು. ಅತ್ತಿ ಎರಡು ದಿನ ಯೋಚಿಸಿ ಶಾಲೆಯ ಮುಖ್ಯಸ್ಥೆ ನಾಹಿದ ಮೇಡಂ ಹತ್ತಿರ ಹೋಗಿ ನಿಂತಳು.

"ಮೇಡಂ, ಸಣ್ಣ ಕೂಸುಗಳಿಗಿ ನಾನೇ ಕಲಿಸ್ಲೇನ್ರಿ?"

ಮೇಡಂ ಮೊದಲು ನಕ್ಕರಂತೆ. ಆಮೇಲೆ ನಗು ನಿಲ್ಲಿಸಿ ಹೇಳಿದರಂತೆ: "ನಿನಗ ಬರ್ತದಂತ ನನಗ ಗೊತ್ತದ ಲುಂಬಿನಿ. ಪಾಲಕರು ಕೇಳ್ತಾರಲ್ಲ, ಆಯಾನ ಕಡಿಂದ ಕಲಿಸ್ತೀರೇನು ಅಂತ. ಪರೀಕ್ಷಾ ಪಾಸಾಗಿ ಕಾಗದ ತಂದು ತೋರಿಸು. ಜೂನ್‌ನಾಗ ಶಾಲಿ ಸುರು ಆಗೂದ್ರಾಗ ತಂದಿ ಅಂದ್ರ ತರಗತಿ ನಿಂದು. ಇಲ್ಲಾಂದ್ರ ಕರಾಟೆ ಸರ್ ಕೇಳ್ಲಿಕತ್ತಾರ, ಶನಿವಾರ ಅವರಿಗಿ ಕೊಡ್ತೀನಿ."

ಪರೀಕ್ಷೆ ಏಪ್ರಿಲ್‌ನ ಒಂದು ಭಾನುವಾರ, ಕಲಬುರಗಿಯಲ್ಲಿ. ಅಲ್ಲಿ ಏನೇನಾಗುತ್ತದೆ ಎಂದು ಅತ್ತಿ ಸರ್ದಾರ ಸರ್‌ಗೆ ಫೋನ್ ಮಾಡಿ ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಅವರು ಹೇಳಿದ್ದನ್ನೆಲ್ಲ ಅವಳು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ನೋಡು, ಮೂರು ಮಂದಿ ಕುಂದರ್ತಾರ. ಮಾತಾಡಲ್ಲ, ನಗಲ್ಲ. ಹಾಡು ಗೀಡು ಏನೂ ಇರಲ್ಲ. ಅವರ ಮಾರಿ ನೋಡಬ್ಯಾಡ, ಗೆರಿ ನೋಡು. ಒಬ್ಬೊಬ್ಬರನ್ನೇ ಕರೀತಾರ. ನೆಲದ ಮ್ಯಾಲ ನೀ ಒಬ್ಬಾಕಿನೇ ಇರ್ತೀ."

"ಅದರದೇನು ರೂಢಿ ಅದ ರೀ ಸರ್."

"ಅರೆ, ಪೂರಾ ಕೇಳು. ಸುರು ಆಗೂ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ನೆಲಕ್ಕ ಬಿಡ್ತಾರ. ಸೀಟಿ ಊದಿದ ಕೂಡ್ಲೆ ಇಳೀಬೇಕು. ಅದು ಹೊಸಾ ನೆಲ, ಕಾಲಿಗಿ ಗುರುತಾಗ್ಬೇಕು. ಆ ಹತ್ತು ನಿಮಿಷ ಬಿಡಬ್ಯಾಡ."

ಅತ್ತಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಳು. ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಇತ್ತು. ನಾನು ಬರುತ್ತೇನೆ ಎನ್ನಲು ಹೊರಟೆ, ಗುರುತಿಲ್ಲದ ಜನರ ನಡುವೆ ಕೂರುವುದನ್ನು ನೆನೆದು ಬಾಯಿ ಬರಲಿಲ್ಲ. ಅತ್ತಿ ನೀಲಿ ಸಲ್ವಾರ್ ಹಾಕಿಕೊಂಡು, ಚೀಲದಲ್ಲಿ ಸ್ಕೇಟ್, ಎರಡು ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡು ಒಬ್ಬಳೇ ಸ್ಟೇಷನ್ನಿಗೆ ನಡೆದಳು. ಅಜ್ಜಿ ಬಾಗಿಲಲ್ಲಿ ನಿಂತು, "ಬಿದ್ದು ಗಿದ್ದೀ, ಹುಷಾರ," ಎಂದಳು. ಅದು ಅವಳ ಆಶೀರ್ವಾದ.

ಪರೀಕ್ಷೆ ಇದ್ದದ್ದು ಒಂದು ದೊಡ್ಡ ಹಾಲಿನಲ್ಲಿ. ಬಂದವರೆಲ್ಲ ಎಂಟು, ಒಂಬತ್ತು ವರ್ಷದ ಮಕ್ಕಳು. ಒಬ್ಬೊಬ್ಬರ ಜೊತೆ ತಾಯಿ, ತಂದೆ, ನೀರಿನ ಬಾಟಲಿ, ಬಿಸ್ಕತ್ತು. ಅತ್ತಿಗೆ ಹದಿನಾಲ್ಕನೇ ನಂಬರಿನ ಬಟ್ಟೆ ಚೂರು ಕೊಟ್ಟರು. ಅವಳು ಅದನ್ನು ಎದೆಗೆ ಪಿನ್ ಹಾಕಿಕೊಂಡಳು. ಮೇಲೆ ವೇಲು ಹೊದ್ದಿದ್ದಳು, ನಂಬರು ಅದರಡಿ ಮುಚ್ಚಿತು. ಬೆಂಚಿನ ಮೇಲೆ ಜಾಗ ಇದ್ದರೂ ಅವಳು ಬೆಂಚಿನ ಪಕ್ಕ ನೆಲದ ಮೇಲೆ ಕೂತು ತನ್ನ ಬಲಗಾಲಿನ ಲೇಸ್ ಕಟ್ಟಿದಳು. ಎಡಗಾಲಿನದು ಕಟ್ಟಬೇಕು, ಅಷ್ಟರಲ್ಲಿ ಸೀಟಿ ಊದಿದರು.

ಆಗ ಒಬ್ಬ ಹುಡುಗಿ ಓಡಿಬಂದು ಅವಳ ಮುಂದೆ ಕಾಲು ಚಾಚಿ ನಿಂತಳು. ಹಿಂದೆ ಬಂದ ತಾಯಿ, "ಆಯಾ, ಇದಕ್ಕೊಂದಿಷ್ಟು ಬಿಗಿ ಮಾಡವ್ವ, ಸೀಟಿ ಊದ್ಯಾರ, ಲಗೂ," ಎಂದಳು.

ಅವಳು ಆಯಾ ಎಂದು ಆ ತಾಯಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. "ನೆಲಕ್ಕ ಕುಂತಿದ್ದೆನಲ್ಲ," ಎಂದಳು ಅತ್ತಿ.

ಅತ್ತಿ ಕಟ್ಟಿಕೊಟ್ಟಳು. ಹಿಮ್ಮಡಿಯ ಹತ್ತಿರ ಬಿಗಿ, ಬೆರಳಿನ ಹತ್ತಿರ ಸಡಿಲ. ಎದ್ದೇಳುವಷ್ಟರಲ್ಲಿ ಇನ್ನೊಂದು ಕಾಲು ಮುಂದೆ ಬಂತು. ಆಮೇಲೆ ಮತ್ತೊಂದು. ಪಾಲಕರು ತಮ್ಮ ತಮ್ಮಲ್ಲೇ, "ಅಲ್ಲೊಬ್ಬಾಕಿ ಛಲೋ ಕಟ್ಲಿಕತ್ತಾಳ ನೋಡ್ರಿ," ಎಂದು ಹೇಳಿ ಕಳಿಸಿದರಂತೆ. ಒಟ್ಟು ಎಷ್ಟು ಮಕ್ಕಳಿಗೆ ಕಟ್ಟಿದಳೆಂದು ಕೇಳಿದಾಗ ಒಮ್ಮೆ ಹನ್ನೊಂದು ಎಂದಳು, ಇನ್ನೊಮ್ಮೆ ಹನ್ನೆರಡು. ಅವಳ ಮಾತು ಒಂದೇ ಆಗದ ಕಡೆ ಇದು.

ಎರಡನೇ ಸೀಟಿ ಊದಿದಾಗ ಅವಳ ಎಡಗಾಲಿನ ಲೇಸ್ ಇನ್ನೂ ನೆಲದ ಮೇಲೇ ಬಿದ್ದಿತ್ತು. ಮಕ್ಕಳೆಲ್ಲ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. ಹತ್ತು ನಿಮಿಷ ಮುಗಿದಿತ್ತು. ಇನ್ನೆರಡು ನಿಮಿಷ ಬಿಡಿ ಎಂದು ಕೇಳಬಹುದಿತ್ತು. ಅವಳು ಕೇಳಲಿಲ್ಲ.

"ಹದಿನಾಲ್ಕು," ಎಂದು ಕರೆದಾಗ ಅವಳು ವೇಲು ತೆಗೆದು ಎದ್ದಳು. ಲೇಸ್ ಕಟ್ಟಿಸಿಕೊಂಡ ಹುಡುಗಿಯ ತಾಯಿ, "ಅಯ್ಯ, ಇಕಿನೂ ಇದ್ದಾಳ!" ಎಂದದ್ದು ಅವಳ ಕಿವಿಗೆ ಬಿತ್ತು.

ನಡುವಿಗೆ ಹೋಗಿ ನಿಂತಳು. ಹಸಿರು ಬಣ್ಣ ಬಳಿದ ನೆಲ, ಮೇಲೆ ಬಿಳಿ ಗೆರೆ. ಮೇಜಿನ ಹಿಂದೆ ಮೂವರು. ಬಲಗಾಲಿನ ಮೇಲೆ ಹೊರಟಳು. ಸರ್ ಹೇಳಿದ ಹಾಗೆ ಗೆರೆಯನ್ನೇ ನೋಡಿದಳು. ಆದರೆ ಟಕ್ ಎನ್ನಲಿಲ್ಲ. ಆ ನೆಲದಲ್ಲಿ ಒಂದೂ ಸಂದು ಇರಲಿಲ್ಲ.

"ಗಾಲಿ ತಿರುಗ್ಲಿಕತ್ತಾವೋ ಇಲ್ಲೋ ಅನಿಸ್ತು," ಎಂದಳು ಅತ್ತಿ. "ಭಾವ್ಯಾಗ ಕಲ್ಲು ಒಗದು ಸಪ್ಪಳಕ್ಕ ಕಾಯ್ತೀವಲ್ಲ, ಹಂಗ ಕಾದೆ. ಬರಲೇ ಇಲ್ಲ."

ಎಷ್ಟು ದೂರ ಬಂದಿದ್ದೇನೆ ಎಂದು ತಿಳಿಯದೆ ಅವಳು ತಲೆ ಎತ್ತಿದಳು. ಮೂವರ ಮುಖ ಕಂಡಿತು. ಅಷ್ಟರಲ್ಲಿ ಗಾಲಿ ಗೆರೆಯಿಂದ ಒಂದು ಗೇಣು ಹೊರಗೆ ಹೋಗಿತ್ತು. ಹೇಗೋ ಒಳಗೆ ತಂದಳು, ನಡುವಿಗೆ ಬಂದಳು, ಎಡಗಾಲಿಗೆ ಬದಲಿಸಿದಳು. ಎಡಗಡೆಯ ವೃತ್ತದಲ್ಲಿ ಕಣ್ಣು ಎತ್ತಲಿಲ್ಲ, ಅದು ಸರಿಯಾಗಿ ಬಂತು.

ಮೇಜಿನ ನಡುವೆ ಕೂತಿದ್ದ ವಯಸ್ಸಾದ ಹೆಂಗಸು ಪೆನ್ನು ಎತ್ತಿ, "ಬಲಗಾಲಿನದು ಮಾತ್ರ ಇನ್ನೊಂದು ಸಲ ಮಾಡಿ," ಎಂದರು.

ಎರಡನೇ ಅವಕಾಶ ಕೊಡುತ್ತಾರೆಂದು ಸರ್ ಹೇಳಿರಲಿಲ್ಲ. ಅತ್ತಿ ಮತ್ತೆ ನಡುವಿನಲ್ಲಿ ನಿಂತಳು. ಈ ಸಲ ಅವಳೇ ಒಂದು ಉಪಾಯ ಮಾಡಿದಳು. ನೆಲ ಸದ್ದು ಮಾಡದಿದ್ದರೆ ತಾನೇ ಮಾಡುವುದೆಂದು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ಮೆಲ್ಲಗೆ, ಟಕ್, ಟಕ್, ಟಕಟಕ್ ಎನ್ನುತ್ತ ಹೊರಟಳು. ನಮ್ಮ ಅಂಗಳದ ಇಪ್ಪತ್ತೆರಡೂ ಸಂದು ಅವಳಿಗೆ ಬಾಯಿಪಾಠ ಇತ್ತು. ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವಳು ನಿಲ್ಲಲಿಲ್ಲ. ಗಾಲಿ ಗೆರೆ ಬಿಡಲಿಲ್ಲ. ಕೊನೆಯ ಟಕ್ ಆಯಿತು. ವರ್ಷಗಳ ರೂಢಿಯಂತೆ ಎತ್ತಿದ ಕಾಲು ತಾನಾಗಿ ನೆಲಕ್ಕೆ ಇಳಿಯಿತು.

ವೃತ್ತ ಇನ್ನೂ ಮುಗಿದಿರಲಿಲ್ಲ. ಅದು ಆರು ಮೀಟರಿನ ವೃತ್ತ, ನಮ್ಮ ಅಂಗಳದ ಐದು ಮೀಟರಿನದಲ್ಲ. ಮುಂದೆ ಸುಮಾರು ಮೂರು ಮೀಟರ್ ಬಿಳಿ ಗೆರೆ ಖಾಲಿ ಉಳಿದಿತ್ತು. ಅವಳು ಎರಡೂ ಕಾಲಿನ ಮೇಲೆ ನಿಂತಿದ್ದಳು.

ಮಧ್ಯಾಹ್ನ ಫಲಿತಾಂಶದ ಹಾಳೆ ಅಂಟಿಸಿದರು. ಹದಿನಾಲ್ಕರ ಮುಂದೆ, ಮತ್ತೆ ಪ್ರಯತ್ನಿಸಿ ಎಂದು ಇತ್ತು. ಅವಳು ಹಾಳೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತು, ತಾನು ಲೇಸ್ ಕಟ್ಟಿದ ಮಕ್ಕಳ ನಂಬರುಗಳನ್ನು ಹುಡುಕಿದಳು. ಒಬ್ಬ ಹುಡುಗನನ್ನು ಬಿಟ್ಟು ಎಲ್ಲರೂ ಪಾಸಾಗಿದ್ದರು.

ಹೊರಗೆ ಹೋಗುವಾಗ ಆ ವಯಸ್ಸಾದ ಹೆಂಗಸು ಅವಳನ್ನು ಕರೆದರು. "ಯಾರ ಹತ್ತಿರ ಅಭ್ಯಾಸ ಮಾಡ್ತೀರಿ?"

"ಈಗ ಯಾರೂ ಇಲ್ರಿ. ಒಬ್ಬಾಕಿನೇ."

"ಗೊತ್ತಾಗುತ್ತೆ. ನಿಮ್ಮ ಕಾಲು ಚೆನ್ನಾಗಿದೆ. ಕಿವಿಯಿಂದ ನೋಡ್ತಿದೀರಿ, ಕಣ್ಣಿಂದ ನೋಡಿ. ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಇದೆ, ಬನ್ನಿ."

ಡಿಸೆಂಬರ್ ಜೂನಿನ ಆಚೆ ಇದೆ ಎಂದು ಅತ್ತಿ ಅವರಿಗೆ ಹೇಳಲಿಲ್ಲ. ವಾಪಸು ಬರುವಾಗ ಗಾಡಿ ಶಹಾಬಾದಿನಲ್ಲಿ ಬಹಳ ಹೊತ್ತು ನಿಂತಿತಂತೆ. ಅವಳು ರೊಟ್ಟಿ ಬಿಚ್ಚಿ ತಿಂದಳು. ಹಳಿಯ ಆಚೆ ಒಂದರ ಮೇಲೊಂದು ಪೇರಿಸಿಟ್ಟ ಫರ್ಸಿ ಕಾಣುತ್ತಿತ್ತು. ಗಾಡಿ ಬಿಡುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ ಎಂದಳು.

ಮನೆಗೆ ಬಂದಾಗ ಅಜ್ಜಿ ಏನೂ ಕೇಳಲಿಲ್ಲ. ಕಾಲು ನೋಡಿ, "ಮುರಕೊಂಡಿಲ್ಲಲ್ಲ, ಸಾಕು," ಎಂದು ಚಹಾ ಕೊಟ್ಟಳು. ನಾನು ಮಾತ್ರ ಆಮೇಲೆ ಒಂದು ದಿನ ಸಿಟ್ಟಿನಿಂದ ಕೇಳಿದೆ, ಗೊತ್ತಿದ್ದೂ ಆ ಹತ್ತು ನಿಮಿಷ ಯಾಕೆ ಬಿಟ್ಟೆ, ನಾನೂ ಪರೀಕ್ಷೆಗೆ ಬಂದಿದ್ದೇನೆ ಎಂದು ಯಾಕೆ ಹೇಳಲಿಲ್ಲ ಎಂದು.

"ಕೂಸು ಕಾಲು ಮುಂದ ಮಾಡಿದ್ರ ಬ್ಯಾಡ ಅಂತ ಹ್ಯಾಂಗನ್ಲಿ? ಕೈ ತಾನೇ ಹೋಗ್ತಾವ," ಎಂದಳು ಅತ್ತಿ.

ಜೂನಿನಲ್ಲಿ ಶನಿವಾರದ ತರಗತಿ ಕರಾಟೆಯವರಿಗೆ ಹೋಯಿತು. ಮಕ್ಕಳು ಬರಿಗಾಲಲ್ಲಿ ಕಲಿಯುತ್ತಾರೆ, ಕಟ್ಟಲು ಲೇಸ್ ಇಲ್ಲ. ಶನಿವಾರ ಮಧ್ಯಾಹ್ನ ಅತ್ತಿಗೆ ಈಗ ಕೆಲಸವಿಲ್ಲ, ನೀರಿನ ಟಾಕಿಯ ಹತ್ತಿರ ಕೂತಿರುತ್ತಾಳೆ.

ಅದೇ ತಿಂಗಳು ಅವಳು ನಾಹಿದ ಮೇಡಂ ಹತ್ತಿರ ಎರಡು ಅಪ್ಪಣೆ ಕೇಳಿದಳು. ಹೂಕುಂಡ ಸರಿಸಲು ಒಂದು, ಫರ್ಸಿಯ ಸಂದು ತುಂಬಲು ಇನ್ನೊಂದು.

"ಕುಂಡ ಸರಿಸು, ಸಂದು ತುಂಬು, ಹುಲ್ಲಿನ ಕಾಟ ತಪ್ತದ," ಎಂದರು ಮೇಡಂ. "ಆದ್ರ ತರಗತಿ ಆಸೆ ಮ್ಯಾಲ ಮಾಡ್ಬ್ಯಾಡವ್ವ. ಕರಾಟೆಯವರು ವರ್ಷಪೂರ್ತಿ ಕೇಳ್ಯಾರ."

"ಇಲ್ರಿ ಮೇಡಂ," ಎಂದಳು ಅತ್ತಿ.

ವಾಡಿಯಲ್ಲಿ ಸಿಮೆಂಟಿಗೇನು ಬರ. ಅಪ್ಪ ಒಂದು ಚೀಲ ತಂದುಕೊಟ್ಟ. ನಾಲ್ಕು ಭಾನುವಾರ ಅವಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊದಲು ಸಂದಿನ ಮಣ್ಣು ಕೆರೆದು ತೆಗೆದು, ನೀರು ಹಾಕಿ, ಸಿಮೆಂಟು ತುಂಬಿ, ಕರಣೆಯಿಂದ ಒತ್ತಿ, ಅಂಗೈಯಿಂದ ಸವರಿ ಕಲ್ಲಿಗೂ ಅದಕ್ಕೂ ಭೇದವಿಲ್ಲದ ಹಾಗೆ ಮಾಡಿದಳು. ಮೇಲೆ ಗೋಣಿಚೀಲ ಹೊದಿಸಿ ಒದ್ದೆ ಮಾಡಿದಳು. ಅದು ಗಟ್ಟಿಯಾದ ಮೇಲೆ ಹಗ್ಗ ಹಿಡಿದು ತಾನೇ ಎರಡು ವೃತ್ತ ಬರೆದಳು. ಆರು ಮೀಟರಿನವು.

ಡಿಸೆಂಬರಿಗೆ ಹೆಸರು ಕೊಟ್ಟಿದ್ದಾಳೆ. ಈ ಸಲ ಹತ್ತು ನಿಮಿಷ ಸಿಕ್ಕಾಗ ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ಮನೆಯಿಂದಲೇ ಕಟ್ಟಿಕೊಂಡು ಹೋಗಲು ಬರುವುದಿಲ್ಲವಲ್ಲ ಎಂದು ನಕ್ಕಳು. ಬೆಂಚಿನ ಮೇಲೆ ಕೂರು ಎಂದೆ. ಹೂಂ ಎಂದಳು. ಕೂರುತ್ತಾಳೆಂದು ನನಗೆ ನಂಬಿಕೆಯಿಲ್ಲ.

ಈಗ ಸಂಜೆ ಐದಕ್ಕೆ ಅಕ್ಕಿ ಆರಿಸುತ್ತ ಕೂತರೆ ಗೋಡೆಯ ಆಚೆಯಿಂದ ಏನೂ ಕೇಳುವುದಿಲ್ಲ. ಅವಳು ಇದ್ದಾಳೋ ಇಲ್ಲವೋ ತಿಳಿಯಲು ಅಕ್ಕಿಯ ಮೊರ ಕೆಳಗಿಟ್ಟು ಮಾಳಿಗೆ ಹತ್ತಬೇಕು. ಹತ್ತಿ ನೋಡುತ್ತೇನೆ. ಖಾಲಿ ಅಂಗಳದಲ್ಲಿ ಅತ್ತಿ ಒಂದು ಕಾಲಿನ ಮೇಲೆ, ಕಣ್ಣು ಗೆರೆಯಲ್ಲಿಟ್ಟು, ಸದ್ದಿಲ್ಲದೆ ತಿರುಗುತ್ತಿರುತ್ತಾಳೆ.