ಒಂದು ತಿಂಗಳಿಗೆಂದು ಗುಂಡ್ಲುಪೇಟೆಗೆ

ಮೈಸೂರಿನಿಂದ ಚಾಮರಾಜನಗರದ ಬೆಳಗಿನ ರೈಲು ಹತ್ತಿದಾಗ ನನ್ನ ಬಳಿ ಒಂದು ಹಾಸಿಗೆ ಸುರುಳಿ, ಒಂದು ತಗಡಿನ ಪೆಟ್ಟಿಗೆ ಇದ್ದವು. ದೇಶ ಗಣರಾಜ್ಯವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಮೇಷ್ಟ್ರ ಜಾಗ ಖಾಲಿಯಿತ್ತು. ಮೊದಲು ಒಂದು ತಿಂಗಳು ಇದ್ದು ನೋಡು, ಒಪ್ಪಿಗೆಯಾದರೆ ಕಾಯಂ ಎಂದಿದ್ದರು. ಕಚೇರಿಯ ನಕಲು ಗುಮಾಸ್ತಿಕೆಗೆ ತಿಂಗಳ ರಜೆ ಹಾಕಿ ಹೊರಟಿದ್ದೆ. ಮೇಷ್ಟ್ರಾಗಬೇಕೆಂಬುದು ಚಿಕ್ಕಂದಿನ ಆಸೆ. ಆದರೆ ನನ್ನಲ್ಲಿ ಆಸೆಗಿಂತ ಅಂಜಿಕೆ ಜಾಸ್ತಿ. ಅದಕ್ಕೇ ಕಂಡಕಂಡವರನ್ನೆಲ್ಲ ಸಲಹೆ ಕೇಳುವ ಚಟ ಅಂಟಿಕೊಂಡಿತ್ತು.

ನಂಜನಗೂಡು ದಾಟಿದ ಮೇಲೆ ಎದುರಿಗೆ ಕೂತಿದ್ದ ಹರವೆಯ ಬೆಲ್ಲದ ವ್ಯಾಪಾರಿಯನ್ನು ಕೇಳಿದೆ. ಅವರು ಮೊದಲು ನನ್ನ ಹಣೆ ನೋಡಿದರು. ಹೊರಡುವಾಗ ಅವ್ವ ಬಳಿದ ವಿಭೂತಿ ಅಲ್ಲಿತ್ತು.

“ನಮ್ಮವ್ರೇ ಬುಡಿ. ಗುಮಾಸ್ತೆ ಕೆಲ್ಸ ಒಂದು ಕೆಲ್ಸವಾ? ಕಣ್ಮುಚ್ಕಂಡು ಮೇಷ್ಟ್ರಾಗಿ. ಗುಂಡ್ಲುಪೇಟೇಲಿ ನಮ್ಮ ಬೀಗ್ರು ಗುರುಮಲ್ಲಪ್ಪ ಅವ್ರೆ. ಚೀಟಿ ಕೊಡ್ತೀನಿ, ತಿಂಗ್ಳೂ ಅಲ್ಲೇ ಇರಿ.”

ನಾನು ಅವರ ಜಾತಿಯವನಲ್ಲ, ಊರಾಚೆಯ ಕೇರಿಯವನು. ಮಾದಪ್ಪನ ವಿಭೂತಿಯನ್ನು ನಮ್ಮ ಕೇರಿಯಲ್ಲೂ ಹಚ್ಚಿಕೊಳ್ಳುತ್ತಾರೆ. ಹಾಗೆಂದು ಹೇಳಲು ಚಾಮರಾಜನಗರದವರೆಗೂ ಹೊತ್ತಿತ್ತು. ಹೇಳದೆ ಚೀಟಿ ಜೇಬಿಗಿಟ್ಟುಕೊಂಡೆ.

ಚಾಮರಾಜನಗರದ ಹೋಟೆಲಿನಲ್ಲಿ ಇಡ್ಲಿ, ಕಾಫಿ ಮುಗಿಸಿ ಬಸ್ಸು ಹತ್ತಿದೆ. ತೆರಕಣಾಂಬಿಯ ಮೇಲೆ ಇಪ್ಪತ್ತೆರಡು ಮೈಲಿ. ಇಳಿಯುವಾಗ ಬಿಳಿ ಅಂಗಿ ಧೂಳಿಗೆ ಕೆಂಪಾಗಿತ್ತು.

ಗುರುಮಲ್ಲಪ್ಪನವರು ಚೀಟಿ ಓದಿ, ಅಂಗಳದ ಪಕ್ಕದ ಕೋಣೆ ಬಿಡಿಸಿಕೊಟ್ಟರು. ಬಾಡಿಗೆಯ ಮಾತೆತ್ತಿದರೆ ಗದರಿದರು. ದಿನಾ ಜೊತೆಯಲ್ಲೇ ಕೂರಿಸಿಕೊಂಡು ಮುದ್ದೆ, ಹುರುಳಿ ಸಾರು ಬಡಿಸಿದರು. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ. ಅವನು ನಾಲ್ಕೇ ದಿನದಲ್ಲಿ ಮಗ್ಗಿ ಒಪ್ಪಿಸಿದ್ದು ಕೇಳಿ, “ಇಂಥಾ ಮೇಷ್ಟ್ರು ಬೇಕಿತ್ತು ಕಣಪ್ಪ ನಮ್ಮೂರ್ಗೆ. ಕಾಯಂ ಮಾಡ್ಕಬುಡು” ಎಂದರು. ಹೋಟೆಲಿನವರನ್ನು ಕೇಳಿದೆ, ಅಂಚೆಯವರನ್ನು ಕೇಳಿದೆ. ಎಲ್ಲರದೂ ಅದೇ ಮಾತು. ಕೇಳದೆ ಬಿಟ್ಟದ್ದು ಊರಾಚೆಯ ಕೇರಿಯವರನ್ನು ಮಾತ್ರ. ಗುಟ್ಟು ರಟ್ಟಾದೀತೆಂದು ಆ ದಾರಿಯನ್ನೇ ತುಳಿಯಲಿಲ್ಲ. ಆ ಕೇರಿಯ ಒಂದು ಮಗುವೂ ಶಾಲೆಗೆ ಬರುತ್ತಿರಲಿಲ್ಲ. ಯಾಕೆ ಎಂದು ಮೇಷ್ಟ್ರಾದ ನಾನು ವಿಚಾರಿಸಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಗುರುಮಲ್ಲಪ್ಪನವರು ಗಾಡಿ ಕಟ್ಟಿಸಿ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ದರು. ಬೆಟ್ಟದ ಬುಡದಿಂದ ನಡೆದು ಹತ್ತಿದೆವು. ಮೇಲೆ ಕೈಬೆರಳು ಸೆಟೆಯುವ ಚಳಿ, ಹತ್ತು ಮಾರು ಆಚೆಗೆ ಏನೂ ಕಾಣದ ಮಂಜು. ಆ ಮಂಜಿನೊಳಗಿಂದ ನನ್ನ ಹುಟ್ಟೂರಿನ ಜಮೀನುದಾರನೊಬ್ಬ ಎದುರಾದ.

“ನಮ್ಮ ಆಳು ಸಿದ್ದನ ಮಗ ಅಲ್ವೇನ್ಲಾ ನೀನು? ಗುಡಿ ತಾವ ಏನ್ಲಾ ನಿನ್ ಕೆಲ್ಸ?”

ಗುರುಮಲ್ಲಪ್ಪನವರು ಕೂಗಾಡಲಿಲ್ಲ. ಇಳಿಯುವಾಗ ಇಪ್ಪತ್ತು ಹೆಜ್ಜೆ ಮುಂದೆ ನಡೆದರು. ಗಾಡಿಯವನಿಗೆ ಏನೋ ಹೇಳಿದರು. ಗಾಡಿ ನನ್ನನ್ನು ಬಿಟ್ಟು ಹೊರಟಿತು. ಅಷ್ಟು ದೂರ ನಡೆದು ಊರು ಸೇರಿದೆ. ನನ್ನ ಪೆಟ್ಟಿಗೆ, ಹಾಸಿಗೆ ಬೀದಿಯಲ್ಲಿದ್ದವು. ನಾನು ಉಂಡ ತಟ್ಟೆ ತಿಪ್ಪೆಯ ಮೇಲಿತ್ತು.

“ಮೈಸೂರೇ ವಾಸಿ ಕಣಪ್ಪ ನಿಂಗೆ. ಅಲ್ಲಿ ಯಾರೂ ಕೇಳಕಿಲ್ಲ,” ಎಂದು ಗುರುಮಲ್ಲಪ್ಪನವರು ಜಗುಲಿಯ ಮೇಲಿಂದಲೇ ಹೇಳಿದರು. ನಾನು ಯಾರೆಂದು ತಿಳಿದು ಕೊಟ್ಟ ಸಲಹೆ ಆ ಪ್ರಯಾಣದಲ್ಲಿ ಅದೊಂದೇ. ಸಿಟ್ಟು ಬಂತು, ಅಳು ಬಂತು. ಬೀದಿಯಲ್ಲಿದ್ದ ಪೆಟ್ಟಿಗೆ, ಹಾಸಿಗೆ ಎತ್ತಿಕೊಂಡೆ.

ಛತ್ರದ ಜಗುಲಿಯಲ್ಲಿ ಮಲಗೆದ್ದು, ಬೆಳಿಗ್ಗೆ ಬೇಗೂರಿನ ಮೇಲೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕೂತೆ. ಏದುಸಿರು ಬಿಡುತ್ತಾ ಒಬ್ಬ ಹೆಂಗಸು ಕಿಟಕಿಯ ಬಳಿ ಬಂದಳು.

“ನೀವೇಯಾ ಮೇಷ್ಟ್ರು? ನಮ್ಮೋರೊಬ್ರು ಇಸ್ಕೂಲ್ಗೆ ಬಂದವ್ರೆ ಅಂತ ಕೇರಿಗೆಲ್ಲಾ ಸುದ್ದಿ ಆಗದೆ ಸಾಮಿ. ಐಕ್ಳು ತಲೆ ಬಾಚ್ಕಂಡು ಕುಂತವೆ. ಕಳಿಸ್ಬೋದಾ?”

“ಕಳಿಸಿ,” ಎಂದೆ.

“ನೀವೆಲ್ಗೆ ಒಂಟ್ರಿ?”

“ಇಲ್ಲೇ ಬೇಗೂರಿಗೆ. ಮಧ್ಯಾಹ್ನ ಬಂದುಬಿಡ್ತೀನಿ.”

ಕೈಯಲ್ಲಿದ್ದದ್ದು ಮೈಸೂರಿನ ಟಿಕೆಟ್ಟು. ಅವಳು ಕೈಮುಗಿದು, ಮಕ್ಕಳನ್ನು ಕರೆತರಲು ಕೇರಿಯ ಕಡೆ ಓಡಿದಳು. ಬಸ್ಸು ಹೊರಡಲು ಇನ್ನೂ ಐದು ನಿಮಿಷವಿತ್ತು. ನಾನು ಇಳಿಯಲಿಲ್ಲ.