ಗರಿಮೋಡ ನೋಡಿ ಆಡಿದ ಮಾತು

ಕಳೆದ ಬೇಸಿಗೆಯಲ್ಲಿ ಜಹೀರಾಬಾದಿನಿಂದ ಅಕ್ಕನ ಮನೆಗೆ ಹೋಗಿದ್ದೆ. ನಾರಾಯಣಖೇಡ ಭಾಗದ ಕಂಗ್ಟಿ ಹತ್ತಿರದ ಹಳ್ಳಿ. ಅವಳ ಮಗಳ ಬಾಣಂತನ ಮುಗಿದಿತ್ತು. ತಾಯಿ, ಕೂಸು ಇಬ್ಬರನ್ನೂ ತಾಂಡೂರಿನ ಗಂಡನ ಮನೆಗೆ ಬಿಟ್ಟುಬರುವುದು ಸೋದರಮಾವನಾದ ನನ್ನ ಪಾಲಿನ ಕೆಲಸ. ಹಾಗೆ ಕಳಿಸುವಾಗ ತವರಿನ ಕುರಡಿಗೆ ಜೊತೆಗೆ ಹೋಗಬೇಕು. ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ಬಿಸಿಲಿಗೆ ಒಣಗಿಸುವ ತಿನಿಸು ಅದು. ಬೀಗರ ಮನೆಯಲ್ಲಿ ಎಣ್ಣೆಗೆ ಬಿಟ್ಟಾಗ ಬೆಳ್ಳಗೆ ಅರಳಿದರೆ ಹುಡುಗಿಯ ತಾಯಿಗೆ ಮರ್ಯಾದೆ. ಕೆಂಪಾದರೆ ಓಣಿಯ ಹೆಂಗಸರು ಒಂದು ಮಾತು ಆಡುತ್ತಾರೆ. ಆ ಮಾತನ್ನು ಮುಂದೆ ಬಹಳ ದಿನ ಕೇಳಬೇಕಾದವಳು ಮಗಳು.

ಸಂಜೆ ಮಾಳಿಗೆಯ ಮೇಲೆ ಹಳೆಯ ಸೀರೆಗಳ ತುಂಬ ಕುರಡಿಗೆ ಹರಡಿತ್ತು.

‘ತಮ್ಮಾ, ದಿನಾ ಪೇಪರದಾಗ ಮಳಿ ಸುದ್ದಿ ಬರ್‍ಯಾಂವ ನೀ. ಇವು ಅರ್ಧಾ ಒಣಗ್ಯಾವ. ಈಗ ತೆಗದ್ರ ಮುರದು ಪುಡಿ ಆಗ್ತಾವ. ಇಲ್ಲೇ ಬಿಡ್ಲೇನು?’ ಎಂದಳು ಅಕ್ಕ.

ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಅವಳ ಮಗಳು ನಕ್ಕಳು. ‘ಮಾಮಾಗ ಕೇಳಬ್ಯಾಡವ್ವಾ. ಮೂಲಗಳು ಏನಂತಾವ ಅಂತ ಮದ್ಲ ಆಫೀಸಿಗಿ ಫೋನ್ ಮಾಡ್ತಾರ.’

ಆ ಚುಚ್ಚುಮಾತಿಗೋ ಏನೋ, ನಾನು ಪಾಠ ಶುರು ಮಾಡಿದೆ. ಬಿಸಿಲಿಗೆ ಕಾದ ಎರೆಹೊಲದ ಮೇಲಿನ ಗಾಳಿ ಏರುತ್ತದೆ. ಏರಿದಂತೆ ತಣ್ಣಗಾಗುತ್ತದೆ. ಅದರೊಳಗಿನ ಆವಿ ಧೂಳಿನ ಕಣಕ್ಕೆ ಅಂಟಿ ಹನಿಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಹನಿಗಳ ಗುಂಪೇ ಮೋಡ. ಹನಿ ಕಟ್ಟಲು ಶುರುವಾಗುವ ಎತ್ತರ ಸುತ್ತಮುತ್ತ ಹೆಚ್ಚುಕಡಿಮೆ ಒಂದೇ ಇರುವುದರಿಂದ ಮಧ್ಯಾಹ್ನದ ರಾಶಿಮೋಡಗಳ ತಳ ಚಪ್ಪಟೆ. ಅಂಥವು ಅವತ್ತೂ ಇದ್ದವು, ಬಿಸಿಲು ಇಳಿದಂತೆ ಕರಗಿದ್ದವು. ಉಳಿದದ್ದು ಪಡುವಣದಿಂದ ಚಾಚಿದ ತೆಳು ಗರಿಮೋಡ ಮಾತ್ರ. ಅದು ಬಹಳ ಎತ್ತರದ್ದು, ಹನಿಯಲ್ಲ, ಹಿಮದ ಹರಳು.

‘ಇವು ಮಳಿ ಕೊಡಾ ಮೋಡ ಅಲ್ಲ ಅಕ್ಕಾ. ಬಿಡು’ ಎಂದೆ.

ಗರಿಮೋಡದ ಬಗ್ಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಗುಡುಗಿನ ಮೋಡ ಬೆಳೆದು ಇನ್ನು ಏರಲಾಗದ ಎತ್ತರ ಮುಟ್ಟಿದಾಗ ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲಕ್ಕೆ ಚಾಚುತ್ತದೆ. ಮೇಲಿನ ಗಾಳಿ ಆ ಅಂಚನ್ನು ಎಳೆದೆಳೆದು ಗರಿಯಾಗಿಸುತ್ತದೆ. ನಾವು ನೋಡುತ್ತಿದ್ದದ್ದು ಆ ಅಂಚನ್ನು. ಮೋಡದ ಒಡಲು ಬೀದರ ಕಡೆ, ದಿಗಂತದ ಆಚೆ ಇತ್ತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಈ ಗರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ, ಅಷ್ಟೇ. ಇನ್ನೂ ಕೆಟ್ಟದ್ದೆಂದರೆ, ಹವಾಮಾನದವರ ಮುನ್ಸೂಚನೆ ನೋಡಿ, ನಾರಾಯಣಖೇಡ ಸುತ್ತ ಅಲ್ಲಲ್ಲಿ ಗುಡುಗು ಸಹಿತ ಮಳೆಯ ಸಾಧ್ಯತೆ ಎಂದು ಅವತ್ತೇ ಮಧ್ಯಾಹ್ನ ಪತ್ರಿಕೆಗೆ ಬರೆದು ಕಳಿಸಿದವನೂ ನಾನೇ. ಬೇಸಿಗೆಯಲ್ಲಿ ಆ ವಾಕ್ಯವನ್ನು ಎಷ್ಟು ಸಲ ಬರೆಯುತ್ತೇನೆಂದರೆ, ಬರೆಯುವಾಗ ಓದುವುದಿಲ್ಲ.

ಬೆಳಗಿನ ಜಾವ ಮಳೆ ಹೊಡೆಯಿತು. ನಾವು ಮೇಲೆ ಓಡುವಷ್ಟರಲ್ಲಿ ಸೀರೆಗಳು ನೀರು ಕುಡಿದಿದ್ದವು.

ಚಹಾದ ಹೊತ್ತಿಗೆ ಭಾವ ಪೇಪರು ಬಿಡಿಸಿದರು. ‘ಇಲ್ಲಿ ಮಳಿ ಬರ್ತದಂತ ಹಾಕ್ಯಾರ. ಬರದಾಂವ ಯಾರೋ ಭಾಳ ಶಾಣ್ಯಾ ಇದ್ದಾನ ನೋಡು.’

‘ಸುಮ್ಮ ಕುಂದರ್ರಿ. ತಮ್ಮೇನು ಮಳಿ ಕರಕೊಂಡು ಬಂದಾನ?’ ಎಂದು ಅಕ್ಕ ಬಾಯಿ ಮುಚ್ಚಿಸಿದಳು.

ಕಳಿಸುವ ದಿನ ಗೊತ್ತಾಗಿತ್ತು. ಮತ್ತೆ ಗೋಧಿ ನೆನೆಸುವಷ್ಟು ಪುರುಸೊತ್ತಿಲ್ಲ. ಹುಳಿ ವಾಸನೆ ಹಿಡಿದದ್ದನ್ನು ಎಮ್ಮೆಗೆ ಹಾಕಿ, ಉಳಿದದ್ದನ್ನು ಅಕ್ಕ ಮತ್ತೆ ಬಿಸಿಲಿಗೆ ಹರವಿದಳು. ಆಮೇಲೆ ತಾಂಡೂರಿಗೆ ಫೋನ್ ಮಾಡಿದಳು. ‘ಈ ಸಲ ಕುರಡಿಗಿ ಚಲೋ ಆಗಿಲ್ರಿ. ಮೋಡ ಕಂಡ್ರೂ ನಾ ತೆಗೀಲಿಲ್ಲ. ನಂದೇ ಆಲಸ್ಯ.’ ನಾನು ಅಲ್ಲೇ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಕೂಸು ಏಳುತ್ತದೆಂದು ನೆಪ ಮಾಡಿಕೊಂಡು ಸುಮ್ಮನಿದ್ದೆ.

ತಾಂಡೂರಿನಲ್ಲಿ ಊಟದ ಹೊತ್ತಿಗೆ ಬೀಗತಿ ಕುರಡಿಗೆ ಕರಿದರು. ಅರ್ಧ ಅರಳಿ, ಕೆಂಪಗಾಗಿ ನಿಂತವು. ಪಕ್ಕದ ಮನೆಯಾಕೆ ಒಂದನ್ನು ಮುರಿದು ನೋಡಿ, ‘ಮದ್ಲಿನ ಸಲದ್ದು ಹಿಂಗಿದ್ದಿಲ್ಲ’ ಎಂದಳು. ಅಕ್ಕನ ಮಗಳು ತಲೆ ಬಗ್ಗಿಸಿ ಕೂಸಿನ ಕುಲಾವಿ ಸರಿಮಾಡತೊಡಗಿದಳು.

‘ಅಕ್ಕನ ತಪ್ಪಲ್ರಿ ಅದು’ ಎಂದೆ. ‘ತೆಗೀಲೋ ಬಿಡ್ಲೋ ಅಂತ ಆಕಿ ನನ್ನ ಕೇಳಿದ್ಳು. ಮಳಿ ಬರಲ್ಲ, ಬಿಡು ಅಂತ ಹೇಳ್ದಾಂವ ನಾ.’

ಬೀಗತಿ ನಕ್ಕು ಪಕ್ಕದಾಕೆಯತ್ತ ತಿರುಗಿದರು. ‘ನೋಡ್ರೆವ್ವಾ, ತಮ್ಮ ಅಂದ್ರ ಹಿಂಗಿರಬೇಕು. ಅಕ್ಕನ ಮ್ಯಾಲಿಂದು ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾರ. ಪೇಪರಿನೋರಿಗಿ ಮೋಡ ತಿಳಿಯಲ್ಲೇನು?’

‘ಖರೇನೇ ಹೇಳಾಕತ್ತೀನ್ರಿ.’

‘ಆತ್ ಬಿಡ್ರಿ ಬೀಗರ, ನಮಗ ತಿಳಿತದ. ಆಕಿನೇ ಫೋನಿನ್ಯಾಗ ಎಲ್ಲಾ ಹೇಳ್ಯಾಳ’ ಎನ್ನುತ್ತ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಮೂರನೆಯ ಸಲ ಹೇಳಿದರೆ ಇನ್ನೂ ಒಳ್ಳೆಯ ತಮ್ಮನಾಗುತ್ತೇನೆ ಅನಿಸಿ ನಿಲ್ಲಿಸಿದೆ.

ಬಸ್‌ಸ್ಟ್ಯಾಂಡಿಗೆ ಬಂದಾಗ ಅಕ್ಕನ ಫೋನು. ‘ಏನಂದ್ರು ತಮ್ಮಾ?’

ಪಕ್ಕದ ಮನೆಯಾಕೆ ಅವಳನ್ನು ಅಂದದ್ದನ್ನು ಹೇಳಬಹುದಿತ್ತು. ನನ್ನನ್ನು ಹೊಗಳಿದರು ಎಂದು ಹೇಳಲು ಬಾಯಿ ಬರಲಿಲ್ಲ.