ಕೋಲಕ್ಕನ ರೆಕ್ಕಿ

ಬೀದಿದೀಪಗಳು ಇನ್ನೂ ಆರಿಲ್ಲ. ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಅದರ ಪಕ್ಕಕ್ಕೆ ಹಗ್ಗ ಹಾಕಿ ಕಟ್ಟಿದ್ದ ಬಿದಿರಿನ ತುಂಡುಗಳನ್ನು ಬಿಚ್ಚಿ, ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ ಕೋಲಕ್ಕ ನೆಟ್ಟಗೆ ನಿಲ್ಲಿಸುತ್ತಾರೆ. ತುದಿಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಸುತ್ತಿದೆ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಮೇಲೆತ್ತಿ, ರಸ್ತೆಯ ನಡುವಿನಿಂದ ಅಂಚಿಗೆ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಮೊದಲ ತಂತಿ ರಬ್ಬರಿಗೆ ತಾಗಿ, ಮೇಲೆದ್ದು ದಾಟಿತು. ಎರಡನೆಯದೂ ಹಾಗೇ ದಾಟಿತು. ಆಮೇಲೆ ಮೇಲಿನಿಂದ ತಗಡಿಗೆ ಏನೋ ಬಡಿದ ಸದ್ದು.

ಮಹಡಿಯ ಕಿಟಕಿಗಳ ಮೇಲೆ ರಸ್ತೆಯತ್ತ ಚಾಚಿಕೊಂಡಿರುವ ತಗಡಿನ ಮಾಡು ಅದು. ಹೋದ ವಾರ ಇದೇ ಕೋಲು ಅದರಡಿ ಸಲೀಸಾಗಿ ನುಸುಳಿತ್ತು. ತಗಡು ಬಗ್ಗಿಲ್ಲ, ಗೋಡೆ ಕುಸಿದಿಲ್ಲ. ಕೋಲಕ್ಕ ಕಾಲ ಕೆಳಗೆ ನೋಡುತ್ತಾರೆ. ಕಪ್ಪಗೆ ಹೊಳೆಯುವ ಹೊಸ ಡಾಂಬರು, ವಾಸನೆ ಕೂಡ ಹೋಗಿಲ್ಲ. ನಡುವೆ ಯಾವಾಗಲೋ ಬಂದು ಹಳೆಯ ರಸ್ತೆಯ ಮೇಲೆಯೇ ಇನ್ನೊಂದು ಪದರ ಹಾಸಿ ಹೋಗಿದ್ದಾರೆ. ರಸ್ತೆ ಒಂದು ಹಿಡಿಯಷ್ಟು ಮೇಲೆದ್ದಿದೆ.

ಅವರು ಮತ್ತೊಮ್ಮೆ ಕೋಲು ಹಿಡಿದು ನೋಡುತ್ತಾರೆ. ಮತ್ತೆ ಅದೇ ಸದ್ದು. ಆ ಮಹಡಿ ಅವರ ಸ್ವಂತ ಅಕ್ಕನದು.

ಕೋಲಕ್ಕನ ಕೆಲಸಕ್ಕೆ ಸಾಗಣೆ ಕಂಪನಿಯಲ್ಲಿ ರೆಕ್ಕಿ ಎನ್ನುತ್ತಾರೆ. ಮನೆಯಷ್ಟು ದೊಡ್ಡ ಬಾಯ್ಲರು, ಟ್ಯಾಂಕು, ಸೇತುವೆಯ ತೊಲೆಗಳನ್ನು ಹೊತ್ತ ಟ್ರೈಲರುಗಳು ಹೊರಡುವ ಮೊದಲು ಅವು ಹೋಗುವ ದಾರಿಯನ್ನೆಲ್ಲ ಒಬ್ಬರು ನೋಡಿ ಬರಬೇಕು. ಯಾವ ತಂತಿ ಜೋತಿದೆ, ಯಾವ ಕೊಂಬೆ ಬಾಗಿದೆ, ಯಾವ ತಿರುವಿನಲ್ಲಿ ಬಾಲ ಗೋಡೆಗೆ ಉಜ್ಜುತ್ತದೆ. ಇವತ್ತು ಊರ ಹೊರಗಿನ ಬಯಲಿನಲ್ಲಿ ನಿಂತಿರುವುದು ಒಂದು ದೊಡ್ಡ ಟ್ರಾನ್ಸ್‌ಫಾರ್ಮರು. ಹಳೆಯದು ಸುಟ್ಟುಹೋಗಿ ಅರ್ಧ ಊರಿಗೆ ಸರದಿಯ ಮೇಲೆ ಕರೆಂಟು ಸಿಗುತ್ತಿದೆ. ಇವತ್ತು ಭಾನುವಾರ, ಸಂತೆ ಸೇರುವ ಮೊದಲು ಇದು ಊರು ದಾಟಬೇಕು.

ರೆಕ್ಕಿ ಎಂಬುದು ದಂಡಿನಿಂದ ಬಂದ ಮಾತು. ಇಂಗ್ಲಿಷಿನ ರೆಕನಸಾನ್ಸ್ ಎಂಬ ಉದ್ದನೆಯ ಪದವನ್ನು ಸಿಪಾಯಿಗಳು ನಾಲಿಗೆಗೆ ಹಗುರವಾಗಲೆಂದು ಮೊಟಕು ಮಾಡಿಕೊಂಡರು. ಸೈನ್ಯ ಹೊರಡುವ ಮೊದಲು ಒಬ್ಬಿಬ್ಬರು ಮುಂದೆ ಹೋಗಿ ಹೊಳೆಯ ಆಳ, ಗುಡ್ಡದ ಏರು, ಎದುರಾಳಿ ಇರುವ ಜಾಗ ನೋಡಿಕೊಂಡು ಬರುವುದಕ್ಕೆ ಆ ಹೆಸರು. ಈಗದು ಸಮವಸ್ತ್ರ ಕಳಚಿ ಎಲ್ಲರ ಮನೆಗೂ ಬಂದಿದೆ. ಸಿನಿಮಾದವರು ಚಿತ್ರೀಕರಣದ ಜಾಗ ನೋಡಲು ರೆಕ್ಕಿಗೆ ಹೋಗುತ್ತಾರೆ. ಮದುವೆ ಮಾಡುವವರು ಛತ್ರದ ರೆಕ್ಕಿ ಮಾಡುತ್ತಾರೆ. ಪ್ರವಾಸ ಹೊರಟ ಮೇಷ್ಟರು ಹುಡುಗರಿಗೆ ಶೌಚಾಲಯ ಎಲ್ಲಿದೆಯೆಂದು ಮೊದಲೇ ರೆಕ್ಕಿ ಮಾಡಿ ಬರುತ್ತಾರೆ. ಹೆಸರು ಹೊಸದಿರಬಹುದು, ಕೆಲಸ ಹಳೆಯದು. ಕೂಸನ್ನು ನೀರಿಗಿಳಿಸುವ ಮೊದಲು ತಾಯಿ ಮೊಣಕೈ ಅದ್ದಿ ನೋಡುತ್ತಾಳಲ್ಲ, ಅದೂ ಇದೇ.

ಈ ಮಾತನ್ನು ಕೋಲಕ್ಕ ಮೊದಲು ಕೇಳಿದ್ದು ದೊಡ್ಡಪ್ಪನ ಬಾಯಲ್ಲಿ. ದೊಡ್ಡಪ್ಪ ಸೈನ್ಯದಲ್ಲಿದ್ದವರು. ರೆಕ್ಕಿಗೆ ಹೋದವನು ಗುಂಡು ಹಾರಿಸಿದರೆ ಅವನ ಕೆಲಸ ಕೆಟ್ಟಿತು ಎಂದೇ ಲೆಕ್ಕ ಎಂದು ಹೇಳುತ್ತಿದ್ದರಂತೆ. ಹೋಗಬೇಕು, ನೋಡಬೇಕು, ಯಾರ ಕಣ್ಣಿಗೂ ಬೀಳದೆ ಜೀವಂತ ವಾಪಸು ಬರಬೇಕು. “ಬಂದ್ಮೇಲೆ ಇದ್ದದ್ದನ್ನ ಇದ್ದ ಹಾಗೇ ಹೇಳ್ಬೇಕು, ಅದೇ ಕಷ್ಟ ಅಂತಿದ್ರು. ಮೇಲಿನವರಿಗೆ ಖುಷಿಯಾಗ್ಲಿ ಅಂತ ಹೊಳೇಲಿ ನೀರು ಕಮ್ಮಿ ಇದೆ ಅಂದ್ರೆ, ಮುಳುಗೋರು ಹಿಂದೆ ಬರೋರು,” ಎನ್ನುತ್ತಾರೆ ಕೋಲಕ್ಕ.

ಈ ಕೆಲಸ ಮೊದಲು ಅವರ ಗಂಡನದಾಗಿತ್ತು. ಆತ ಬೈಕು ಓಡಿಸುತ್ತಿದ್ದರು, ಇವರು ಹಿಂದೆ ಕೂತು ಕೋಲು ಹಿಡಿಯುತ್ತಿದ್ದರು. ಬೆನ್ನುಮೂಳೆ ಕೈಕೊಟ್ಟು ಆತನಿಗೆ ಗಾಡಿ ಹತ್ತಲು ಆಗದೆ ಹೋದಾಗ, ಹಿಂದೆ ಕೂತವರು ಮುಂದಕ್ಕೆ ಬಂದರು. ಈಗ ಮನೆಯ ಅಡುಗೆ, ಹೆಣ್ಣುಮಕ್ಕಳ ಜಡೆ ಆತನ ಪಾಲು. ಜಡೆ ಯಾವಾಗಲೂ ಒಂದು ಕಡೆ ಎಳೆದುಕೊಂಡಿರುತ್ತದೆ, ಮಕ್ಕಳು ಮುಖವನ್ನೇ ಆ ಕಡೆ ವಾಲಿಸಿಕೊಂಡು ಶಾಲೆಗೆ ಹೋಗುತ್ತಾರೆ ಎಂದು ಕೋಲಕ್ಕ ನಗುತ್ತಾರೆ.

ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು. ಅಡ್ಡ ಬಂದ ಪ್ರತಿ ತಂತಿಗೂ ಇಳಿಯಬೇಕು, ಕೋಲು ಜೋಡಿಸಬೇಕು, ಮತ್ತೆ ಬಿಚ್ಚಿ ಕಟ್ಟಬೇಕು. ಸಂಜೆಗೆ ಕತ್ತು ಮರಗಟ್ಟಿರುತ್ತದೆ. ಬೀದಿನಾಯಿಗಳಿಗೆ ಕೋಲು ಕಂಡರಾಗದು. ಒಮ್ಮೆ ಒಂದು ಬಡಾವಣೆಯಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದವರಿಗೆ ಇವರು ಸರಳವಾಗಿ ರೆಕ್ಕಿ ಎಂದುಬಿಟ್ಟರು. ರೆಕ್ಕಿ ಮಾಡಿ ಮನೆ ದೋಚಿದವರ ಸುದ್ದಿ ಅಂದೇ ಪತ್ರಿಕೆಯಲ್ಲಿ ಬಂದಿತ್ತಂತೆ. ಜನ ಸುತ್ತುಗಟ್ಟಿ, ಸ್ಕೂಟರಿನ ಕೀಲಿ ಕಿತ್ತುಕೊಂಡು ಪೊಲೀಸರನ್ನು ಕರೆದರು. ಇಷ್ಟುದ್ದ ಕೋಲು ಹಿಡಿದು ಹಾಡಹಗಲೇ ಯಾವ ಕಳ್ಳಿ ಬರುತ್ತಾಳೆ ಎಂದು ಪೊಲೀಸಿನವನೇ ನಕ್ಕು ಬಿಟ್ಟು ಕಳಿಸಿದ. ಅಂದಿನಿಂದ ಯಾರಾದರೂ ಕೇಳಿದರೆ ರಸ್ತೆ ಅಳೀತಿದೀನಿ ಎನ್ನುತ್ತಾರೆ.

ತಗಡಿನ ಸದ್ದಿಗೆ ಮಹಡಿಯ ಕಿಟಕಿ ತೆರೆಯಿತು. ಅಕ್ಕನದು ಹೊಲಿಗೆ ಕೆಲಸ. ಮಹಡಿಯ ಕೋಣೆಯಲ್ಲಿ ಕಿಟಕಿಯ ಉದ್ದಕ್ಕೂ ಮಿಷನ್ನುಗಳು, ಗೋಡೆಗೆ ಆನಿಸಿ ಶಾಲೆಯ ಸಮವಸ್ತ್ರದ ಬಟ್ಟೆಯ ಥಾನುಗಳು. ಶಾಲೆ ತೆರೆಯಲು ಇನ್ನು ಕೆಲವೇ ದಿನ. ಮಳೆಯೂ ಶುರುವಾಗಿದೆ, ಮಾಡು ಇಲ್ಲದಿದ್ದರೆ ಎರಚಲು ನೇರ ಒಳಗೆ. ಹೋದ ವರ್ಷ ಮಾಡು ಹಾಕಿಸುವಾಗ ಎಷ್ಟು ಎತ್ತರಕ್ಕೆ ಎಂದು ಕೇಳಿದ್ದು ತಂಗಿಯನ್ನೇ. ತಂಗಿ ಇದೇ ರಸ್ತೆಯಲ್ಲಿ ನಿಂತು ಕೋಲು ಹಿಡಿದು ತೋರಿಸಿದ್ದರು. ಭಾವ ಆ ತುದಿಗಿಂತ ಎರಡು ಬೆರಳು ಮೇಲೆ ಗೋಡೆ ಕೊರೆದಿದ್ದರು.

ಅಕ್ಕ ಕೆಳಗಿಳಿದು ಬಂದು ಕೋಲನ್ನೂ ತಗಡನ್ನೂ ನೋಡಿದರು. ತಂಗಿ ಬಾಯಿ ತೆರೆಯುವ ಮೊದಲೇ ಅವರಿಗೆ ಅರ್ಥವಾಗಿತ್ತು.

“ತಾಗಿದ್ದು ನಿನ್ನ ಕೋಲು ತಾನೇ? ಲೋಡೇನೂ ತಾಗಲ್ವಲ್ಲ.”

ಮಾತು ಸುಳ್ಳಲ್ಲ. ಕೋಲನ್ನು ಲೋಡಿನ ಎತ್ತರಕ್ಕಿಂತ ಒಂದು ಮೊಳ ಜಾಸ್ತಿಯೇ ಕತ್ತರಿಸಿಕೊಂಡಿರುತ್ತಾರೆ. ಬಯಲಿನಲ್ಲಿ ಕಾಯುತ್ತಿದ್ದ ಕಂಪನಿಯ ಯಜಮಾನರೂ ಫೋನಿನಲ್ಲಿ ಇದನ್ನೇ ಕೇಳಿದರು. ಲೋಡಿಗೂ ತಗಡಿಗೂ ನಡುವೆ ಇನ್ನೂ ಜಾಗ ಉಳಿದಿದೆಯಲ್ಲ, ನಿಧಾನವಾಗಿ ನಡೆಸಿದರೆ ಹೋಗುವುದಿಲ್ಲವೇ ಎಂದರು. ಗದರಲಿಲ್ಲ. ನೀವು ಹೋಗಲಿ ಅಂದ್ರೆ ಹೋಗತ್ತೆ, ಬೇಡ ಅಂದ್ರೆ ನಿಲ್ಲತ್ತೆ ಎಂದು ಫೋನಿಟ್ಟರು.

ಆ ಒಂದು ಮೊಳ ಕೂಡಿಸುವುದು ಮನುಷ್ಯನಿಗಾಗಿ. ಟ್ರೈಲರು ಊರೊಳಗೆ ಬರುವಾಗ ಲೋಡಿನ ಮೇಲೆ ಒಬ್ಬ ಬೋರಲು ಮಲಗಿರುತ್ತಾನೆ, ಮರದ ಕವೆಗೋಲಿನಿಂದ ತಂತಿ ಎತ್ತಿ ಹಿಂದಕ್ಕೆ ಸರಿಸಲು. ಈ ತಿರುವಿನಲ್ಲಿ ಎರಡು ತಂತಿ ದಾಟಿದ ಕೂಡಲೇ ತಗಡಿನ ಅಂಚು. ಅವನು ಅಲ್ಲಿ ಇಳಿಯುವ ಹಾಗಿಲ್ಲ, ಎರಡನೆಯ ತಂತಿ ಎತ್ತಲು ತಲೆ ಎತ್ತಲೇಬೇಕು. ಮೇಲಾಗಿ ರಸ್ತೆ ಒಳಕ್ಕೆ ವಾಲಿದೆ, ಟ್ರೈಲರೂ ಮನೆಯ ಕಡೆಗೇ ವಾಲುತ್ತದೆ.

ಕೋಲಕ್ಕ ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದರು. ಅಕ್ಕ ಕೇಳಿಸಿಕೊಂಡರು. ಆದರೆ ಬಿಚ್ಚಿದ ತಗಡು ಮತ್ತೆ ಏರುವುದು ಎಂದಿಗೆ, ಬಟ್ಟೆ ನೆನೆದರೆ ಶಾಲೆಯವರಿಗೆ ಏನು ಹೇಳುವುದು ಎಂದು ಕೇಳಿದರು. ಕರೆಂಟಿಲ್ಲದೆ ಅವರ ಮಿಷನ್ನುಗಳೂ ಅರ್ಧ ದಿನ ಸುಮ್ಮನಿರುತ್ತವೆ, ಟ್ರಾನ್ಸ್‌ಫಾರ್ಮರು ಬೇಡವೆನ್ನುವ ಹಾಗೂ ಇಲ್ಲ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: “ಈ ಎತ್ತರ ಹೇಳಿದ್ದು ನೀನು.”

“ಹೌದಕ್ಕಾ, ನಾನೇ.”

ಅಷ್ಟು ಹೇಳಿ ಕೋಲಕ್ಕ ಯಜಮಾನರಿಗೆ ಫೋನು ಹಚ್ಚಿದರು. ದಾರಿ ಇಲ್ಲ, ತಗಡು ಬಿಚ್ಚುವ ತನಕ ಗಾಡಿ ಕದಲಿಸಬೇಡಿ ಎಂದರು. ಯಾರ ಮನೆ, ಒಪ್ಪುತ್ತಾರಾ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಅಕ್ಕನ ಎದುರಿಗೇ ನಿಂತು ಇವರು, ನಮ್ಮಕ್ಕನ ಮನೆ, ಕೇಳ್ತಾ ಇದೀನಿ ಎಂದರು. ಅಕ್ಕ ಮೇಲೆ ಹೋಗಿ ಥಾನುಗಳನ್ನು ಒಳಕೋಣೆಗೆ ಸಾಗಿಸತೊಡಗಿದರು. ಭಾವ ಸ್ಪ್ಯಾನರು ಹುಡುಕಿಕೊಂಡು ಏಣಿ ಹತ್ತಿದರು. ಅಕ್ಕನ ಸಿಟ್ಟು ಹಾಲಿದ್ದ ಹಾಗೆ, ಉಕ್ಕುವಾಗ ಹತ್ತಿರ ಹೋಗ್ಬೇಡ ಎಂದು ನಾದಿನಿಗೆ ಏಣಿಯ ಮೇಲಿಂದಲೇ ಪಿಸುಗುಟ್ಟಿದರು.

ಬಿಸಿಲೇರುವ ಹೊತ್ತಿಗೆ ಟ್ರೈಲರು ಬಂತು. ಮುಂದೆ ಸ್ಕೂಟರಿನಲ್ಲಿ ಕೋಲಕ್ಕ, ಹಿಂದೆ ಬೀದಿಯನ್ನೇ ತುಂಬಿಕೊಂಡು ಬೂದುಬಣ್ಣದ ಗುಡ್ಡ. ತಿರುವಿನಲ್ಲಿ ಅದು ಮನೆಯತ್ತ ವಾಲಿದಾಗ ನೆರೆಹೊರೆಯವರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಮೇಲಿದ್ದವನು ಎರಡನೆಯ ತಂತಿಯನ್ನು ಎತ್ತಿ, ತಲೆಯ ಮೇಲಿಂದ ದಾಟಿಸಿ ಬಿಟ್ಟ. ತಗಡಿನ ಅಂಚು ಇದ್ದ ಜಾಗದಲ್ಲೇ ಅವನ ತಲೆ ಹಾದುಹೋಯಿತು. ಅವನಿಗೆ ಅಲ್ಲೊಂದು ಮಾಡು ಇತ್ತೆಂದು ಗೊತ್ತೂ ಇಲ್ಲ. ಕಿಟಕಿಯಲ್ಲಿ ನಿಂತ ಅಕ್ಕ ಅವನು ಮರೆಯಾಗುವ ತನಕ ನೋಡುತ್ತಿದ್ದರು.

ಮಧ್ಯಾಹ್ನ ಮೋಡ ಕಟ್ಟುವ ಮೊದಲೇ ಕೋಲಕ್ಕ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಆತ ಕುರ್ಚಿಯಲ್ಲಿ ಕೂತು ಬೋಲ್ಟು ಎಣಿಸಿ ಕೊಡುವುದು, ಭಾವ ಕೊರೆಯುವುದು, ಕೋಲಕ್ಕ ಕೆಳಗಿನಿಂದ ತಗಡು ಎತ್ತಿ ಹಿಡಿಯುವುದು. ಅಕ್ಕ ಬಂದು ನಿಂತು, ಈ ಸಲ ಎಷ್ಟು ಎತ್ತರಕ್ಕೆ ಎಂದು ಕೇಳಿದರು. ಮುಖ ಇನ್ನೂ ಬಿಗಿದೇ ಇತ್ತು. ಕೋಲಕ್ಕ ರಸ್ತೆಯಲ್ಲಿ ನಿಂತು ಕೋಲು ತೋರಿಸಿ, ಅದರ ಮೇಲೆ ಇನ್ನೊಂದು ಗೇಣು ಬಿಡಿ ಎಂದರು. ಅದಕ್ಕಿಂತ ಮೇಲೆ ಹೋದರೆ ಎರಚಲು ತಡೆಯುವುದಿಲ್ಲ.

“ಇದರ ಮೇಲೂ ಡಾಂಬರು ಹಾಕ್ತಾರೆ,” ಎಂದರು ಅಕ್ಕ.

“ಹಾಕ್ತಾರೆ.”

“ಆಗೇನು ಮಾಡ್ತೀಯ?”

ಕೋಲಕ್ಕ ಕೋಲಿನ ತುಂಡುಗಳನ್ನು ಬಿಡಿಸಿ ಸ್ಕೂಟರಿಗೆ ಕಟ್ಟುತ್ತಲೇ ಹೇಳಿದರು. “ಆಗ್ಲೂ ಬಂದು ಹೇಳ್ತೀನಿ ಅಕ್ಕ. ನೀನು ಬಾಗಿಲು ತೆಗೀತಿರು, ಸಾಕು.”